ಗಬ್ಬದ ಕುದುರಿಗೆ ಬೂಸಾ, ತೌಡು, ನೇಪಿಯರ್ ಹುಲ್ಲು ಸಾಕೇನ್ರಿ?

ಎಡದಂಡೆ_ಗಂಗಾವತಿ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಮನ್ಯಾಗ ಒಂದು ಮಾರ್ವಾಡಿ ಹೆಣ್ಣು ಕುದುರಿ ಐತಿ, ಅಕಲೂಜ ಸಂತ್ಯಾಗ ತಂದಿದ್ದು. ಡಾಕ್ಟ್ರು ಕೈ ಹಾಕಿ ನೋಡಿ ಒಂಬತ್ತನೇ ತಿಂಗಳು ನಡದೈತಿ ಅಂದಾರ. ಲೆಕ್ಕದ ಪ್ರಕಾರ ಯುಗಾದಿ ಕಳದ ಮ್ಯಾಲೆ ಈಯಬೇಕು.

ಈಗ ಹಾಕೂದು ಇಷ್ಟ್ರಿ. ಮುಂಜಾನೆ ಎರಡು ಕೇಜಿ ಗೋಧಿ ಬೂಸಾ, ಸಂಜಿಕ ಒಂದೂವರೆ ಕೇಜಿ ಅಕ್ಕಿ ತೌಡು, ಮ್ಯಾಲೊಂದು ಹಿಡಿ ಬೆಲ್ಲ. ಹಸಿ ಹುಲ್ಲು ಅಂದ್ರ ಎಮ್ಮಿಗಂತ ಹಚ್ಚಿದ ನೇಪಿಯರ್, ರಾತ್ರಿಗೆ ಭತ್ತದ ಹುಲ್ಲು. ಕುದುರಿ ಮೈ ತುಂಬಿಕೊಂಡೈತಿ, ಕೂದಲಾಗ ಹೊಳಪೂ ಐತಿ. ನನಗೇನೂ ಕಡಿಮಿ ಕಾಣವಲ್ದು. ಆದ್ರ ನಮ್ಮ ಪಕ್ಕದ ಊರಾಗ ಇದೇ ಮೇವು ತಿಂದ ಕುದುರಿ ಹಾಕಿದ ಮರಿಗೆ ನಾಕೈದು ತಿಂಗಳಿಗೇ ಮುಂಗಾಲು ಸೊಟ್ಟಾಗಿ, ಕೀಲು ಬಾತು ನಿಂತೈತಿ. ಅದನ್ನ ನೋಡಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ. ತಳಿ ದೋಷ ಅಂತಾರ ಕೆಲವ್ರು. ಮೇವಿನ ದೋಷ ಆಗಿದ್ರ ಈಗೇ ತಿಳಕೊಂಡು ಬಿಡೋಣ ಅಂತ ಕೇಳಾಕತ್ತೀನಿ.

ಸಿಂಧನೂರು_ಗಿರಣಿ:
ತೌಡಿನ್ಯಾಗ ಎಣ್ಣಿ ಅಂಶ ಇರ್ತದ, ಮೈಗೆ ಹೊಳಪು ಬರೂದೇ ಅದರಿಂದ. ನಮ್ಮ ಮಿಲ್ಲಿಗೆ ಕುದುರಿಯವ್ರು ಹುಡುಕ್ಕೊಂಡು ಬರ್ತಾರ. ಈಗ ಗಬ್ಬ ಇದ್ದಾಗ ಇನ್ನೊಂದು ಕೇಜಿ ಏರ್ಸ್ರಿ, ಕಡಿಮಿ ಮಾಡಬ್ಯಾಡ್ರಿ. ಕಾಲು ಸೊಟ್ಟ ಆಗೂದು ಗಂಡು ಕುದುರಿ ಚೊಲೋ ಇಲ್ಲದಕ್ಕ.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಇನ್ನೊಂದು ಕೇಜಿ ಏರಿಸುವ ಮೊದಲು ಇದನ್ನು ಓದಿ.

ಗಂಗಾವತಿಯವರೇ, ನಿಮ್ಮ ಕುದುರೆಗೆ ಹೊಟ್ಟೆ ತುಂಬುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಕೊರತೆ ಇರುವುದು ಕ್ಯಾಲ್ಸಿಯಂನಲ್ಲಿ. ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ನೂರಕ್ಕೆ ಸುಮಾರು 1.1 ಪಾಲು ಇದ್ದರೆ ಕ್ಯಾಲ್ಸಿಯಂ 0.13 ಪಾಲು ಮಾತ್ರ. ಅಕ್ಕಿ ತೌಡಿನಲ್ಲಿ ರಂಜಕ ಒಂದೂವರೆ ಪಾಲಿನ ಆಸುಪಾಸು, ಕ್ಯಾಲ್ಸಿಯಂ 0.1ಕ್ಕಿಂತಲೂ ಕಡಿಮೆ. ನೀವು ಹಾಕುವ ಮೂರೂವರೆ ಕೇಜಿಯಲ್ಲಿ ರಂಜಕ 45 ಗ್ರಾಂ ಹತ್ತಿರ, ಕ್ಯಾಲ್ಸಿಯಂ 4 ಗ್ರಾಂ ಹತ್ತಿರ ಬರುತ್ತದೆ. 350 ಕೇಜಿ ತೂಗುವ ಕುದುರೆಗೆ ಗಬ್ಬದ ಕೊನೆಯ ತಿಂಗಳಲ್ಲಿ ದಿನಕ್ಕೆ ಬೇಕಾಗುವುದು ಕ್ಯಾಲ್ಸಿಯಂ ಸುಮಾರು 25 ಗ್ರಾಂ, ರಂಜಕ 18 ಗ್ರಾಂ. ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕಿಂತ ಹೆಚ್ಚಿರಬೇಕು, ಒಂದಕ್ಕೆ ಒಂದೂವರೆಯಿಂದ ಎರಡರಷ್ಟು. ನಿಮ್ಮಲ್ಲಿ ಅದು ತಲೆಕೆಳಗಾಗಿದೆ.

ಉಳಿದ ಕ್ಯಾಲ್ಸಿಯಂ ಹುಲ್ಲಿನಿಂದ ಬರಬಹುದು ಎನ್ನುವ ಹಾಗೂ ಇಲ್ಲ. ನೇಪಿಯರ್, ಗಿನಿ, ಪ್ಯಾರಾ ಈ ಜಾತಿಯ ಹುಲ್ಲುಗಳಲ್ಲಿ ಆಕ್ಸಲೇಟ್ ಇರುತ್ತದೆ. ಅದು ಹುಲ್ಲಿನಲ್ಲಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಕುದುರೆಯ ಕರುಳಿಗೆ ಬಿಟ್ಟುಕೊಡುವುದಿಲ್ಲ, ಲದ್ದಿಯಲ್ಲಿ ಹೊರಗೆ ಹೋಗುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಸತ್ವ ಕಡಿಮೆ.

ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಸುಮ್ಮನಿರುವುದಿಲ್ಲ. ಗಂಟಲಿನ ಬಳಿಯ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ಅದನ್ನು ಕೀಳುತ್ತವೆ. ತಿಂಗಳುಗಟ್ಟಲೆ ಹೀಗೆ ನಡೆದರೆ ಮುಖದ ಎರಡೂ ಬದಿಯ ಮೂಳೆ ಮೆತ್ತಗಾಗಿ ಊದಿಕೊಳ್ಳುತ್ತದೆ, ಮೇವು ಅಗಿಯಲು ತ್ರಾಸಾಗುತ್ತದೆ, ಒಂದು ದಿನ ಈ ಕಾಲು ಇನ್ನೊಂದು ದಿನ ಆ ಕಾಲು ಕುಂಟುತ್ತದೆ. ಹಿಂದೆ ಹಿಟ್ಟಿನ ಗಿರಣಿಗಳಲ್ಲಿ ಬೂಸಾ ತಿಂದು ಬೆಳೆದ ಕುದುರೆಗಳಿಗೆ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಇದಕ್ಕೆ ಗಿರಣಿಯವರ ರೋಗ ಎಂದೇ ಹೆಸರಿತ್ತು. ಮೈ ಹೊಳಪು ನೋಡಿ ಮೂಳೆಯ ಸ್ಥಿತಿ ಹೇಳಲು ಬರುವುದಿಲ್ಲ.

ಸಿಂಧನೂರು_ಗಿರಣಿ:
ಡಾಕ್ಟ್ರೇ, ಹಂಗಾರ ನಮ್ಮ ಎಮ್ಮಿ, ಆಕಳು ಅದೇ ತೌಡು ಅದೇ ನೇಪಿಯರ್ ತಿಂತಾವ. ಒಂದಕ್ಕೂ ಮಾರಿ ಬಾತಿಲ್ಲ, ಕಾಲು ಸೊಟ್ಟಾಗಿಲ್ಲ. ಪುಸ್ತಕದ ಲೆಕ್ಕ ಬ್ಯಾರೆ, ಕೊಟ್ಟಿಗಿ ಲೆಕ್ಕ ಬ್ಯಾರೆ.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಒಳ್ಳೇ ಪ್ರಶ್ನೆ, ಗಿರಣಿಯವರೇ. ಎಮ್ಮೆ ಮೆಲುಕು ಹಾಕುತ್ತದೆ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆಕ್ಸಲೇಟನ್ನೂ ಒಡೆಯುತ್ತವೆ, ತೌಡಿನಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಫೈಟೇಟನ್ನೂ ಒಡೆಯುತ್ತವೆ. ಆಮೇಲೆ ಮೇವು ಸಣ್ಣ ಕರುಳಿಗೆ ಹೋಗುತ್ತದೆ. ಕುದುರೆಯದು ಉಲ್ಟಾ. ಮೇವು ಮೊದಲು ಸಣ್ಣ ಕರುಳು ದಾಟುತ್ತದೆ, ಕ್ಯಾಲ್ಸಿಯಂ ಹೀರಿಕೊಳ್ಳುವ ಜಾಗ ಅದೇ. ಸೂಕ್ಷ್ಮಜೀವಿಗಳಿರುವ ದೊಡ್ಡ ಕರುಳು ಅದಾದ ಮೇಲೆ ಬರುತ್ತದೆ. ಅಲ್ಲಿ ಆಕ್ಸಲೇಟ್ ಒಡೆದರೂ ಕಾಲ ಮೀರಿರುತ್ತದೆ. ಎಮ್ಮೆಗೆ ಒಗ್ಗಿದ್ದು ಕುದುರೆಗೆ ಒಗ್ಗುತ್ತದೆ ಎಂದು ಹಿಡಿಯುವುದರಿಂದಲೇ ನಮ್ಮ ಕಡೆ ಅರ್ಧ ತೊಂದರೆ ಹುಟ್ಟುವುದು.

ಜಟಕಾ_ಮನೆತನ_ರಾಯಚೂರು:
ನಮ್ಮಜ್ಜ ಟಾಂಗಾ ಹೊಡೀತಿದ್ರು, ಸ್ಟೇಷನ್ ಮುಂದ ಟಾಂಗಾ ಸಾಲು ಇದ್ದ ಕಾಲದಾಗ. ಅವ್ರ ಕುದುರಿ ಚಂದಿ, ಅಂದ್ರ ಕಾಳಿನ ಮೇವು, ಹುಳ್ಳಿ (ಹುರುಳಿ). ರಾತ್ರಿ ನೆನಿ ಇಟ್ಟು, ಮುಂಜಾನಿ ಮೆತ್ತಗ ಆಗೂತನ ಬೇಯಿಸಿ, ಆರಿಸಿ, ಉಪ್ಪು ಹಾಕಿ ಕೊಡ್ತಿದ್ರು. ಹಸಿ ಹುಳ್ಳಿ ಎಂದೂ ಹಾಕಿದ್ದಿಲ್ಲ. ಹಿಂಗಾರಿ ಕಡ್ಲಿ ಬಂದಾಗ ಕಡ್ಲಿ. ಜೋಳದ ಕಣಕಿ (ಒಣ ದಂಟು), ಶೇಂಗಾ ಹೊಟ್ಟು (ಕಾಯಿ ಬಿಡಿಸಿದ ಒಣ ಬಳ್ಳಿ) ಕಾಯಂ. ಬೂಸಾ ಅಂದ್ರ ಮಲಬದ್ಧ ಆದಾಗ ಬಿಸಿನೀರಾಗ ಕಲಸಿ ಕೊಡೂದು, ದಿನಾ ಅಲ್ಲ. ಇನ್ನೊಂದು ಕಟ್ಟುನಿಟ್ಟು ಇತ್ತು: ಗಬ್ಬದ ಕುದುರಿನ್ನ ಹಸಿ ಜೋಳದ ಹೊಲಕ್ಕ ಬಿಡ್ತಿರಲಿಲ್ಲ. ಯಾಕಂತ ಕೇಳಿದ್ರ “ಹೊಂದಂಗಿಲ್ಲ” ಅಷ್ಟೇ ಅಂತಿದ್ರು.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ನಿಮ್ಮ ಅಜ್ಜನಿಗೆ ನಮಸ್ಕಾರ. ಹಸಿ ಜೋಳದಲ್ಲಿ, ಅದರಲ್ಲೂ ಎಳೆಯ ಪೈರು ಮತ್ತು ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ, ಸೈನೈಡ್ ಹುಟ್ಟಿಸುವ ಅಂಶ ಇರುತ್ತದೆ. ದನಕ್ಕೆ ಅದು ಒಮ್ಮೆಲೇ ವಿಷವಾಗುವುದು ಎಲ್ಲರಿಗೂ ಗೊತ್ತು. ಕುದುರೆಯಲ್ಲಿ ವಾರಗಟ್ಟಲೆ ಮೇಯಿಸಿದಾಗ ಬೇರೆ ರೀತಿ ಕಾಣಿಸುತ್ತದೆ. ಮೂತ್ರಕೋಶ ಕೆಟ್ಟು ಮೂತ್ರ ಸೋರುತ್ತದೆ, ಹಿಂಗಾಲು ತೂರಾಡುತ್ತದೆ. ಗಬ್ಬದ ಕುದುರೆ ತಿಂದರೆ ಹೊಟ್ಟೆಯಲ್ಲಿರುವ ಮರಿಯ ಕೀಲುಗಳು ಬಿಗಿದುಕೊಂಡು ಹುಟ್ಟುವುದೂ ಉಂಟು. ಚೆನ್ನಾಗಿ ಒಣಗಿದ ಕಣಕಿಗೆ ಈ ಭಯ ಬೇಡ.

ಹುರುಳಿ ಬೇಯಿಸುವುದಕ್ಕೂ ಕಾರಣ ಇದೆ. ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರುವ ಅಂಶ ಇರುತ್ತದೆ, ಕುದಿಸಿದರೆ ಹೋಗುತ್ತದೆ. ಹುರುಳಿಯಲ್ಲಿ ನೂರಕ್ಕೆ 22ರ ಸುತ್ತ ಪ್ರೋಟೀನ್ ಇದೆ. ಆದರೆ ಅದರಲ್ಲೂ ಕ್ಯಾಲ್ಸಿಯಂ ಹೇಳಿಕೊಳ್ಳುವಷ್ಟಿಲ್ಲ. ಟಾಂಗಾ ಕುದುರೆಗಳನ್ನು ಕಾಪಾಡಿದ್ದು ಅದರ ಜೊತೆಗಿದ್ದ ಶೇಂಗಾ ಹೊಟ್ಟು ಎಂಬುದು ನನ್ನ ಅಭಿಪ್ರಾಯ.

ಹೊಸಪೇಟೆ_ಹಳೇಕಲ್ಲು:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಕುದುರೆ ಹಿಡಿದು ಬರುವ ಪರದೇಶಿ ವ್ಯಾಪಾರಿಗಳನ್ನು ನೋಡಿದವರಿಗೆಲ್ಲ ಒಂದು ಪ್ರಶ್ನೆ ಬರಬೇಕು: ವಿಜಯನಗರದ ಅರಸರು ಕುದುರೆಗಳನ್ನು ಇಲ್ಲೇ ಸಾಕಿ ಬೆಳೆಸದೆ ಯಾಕೆ ಹಡಗಿನಲ್ಲಿ ತರಿಸುತ್ತಿದ್ದರು? ಪೋರ್ಚುಗೀಸ್ ವ್ಯಾಪಾರಿ ನೂನಿಜ್ ವರ್ಷಕ್ಕೆ 13,000 ಓರ್ಮುಜ್ (ಪರ್ಷಿಯನ್ ಕೊಲ್ಲಿಯ ಬಂದರು) ಕುದುರೆ ಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಅದಕ್ಕೂ ಎರಡು ಶತಮಾನ ಮೊದಲು ಮಾರ್ಕೊ ಪೋಲೊ ದಕ್ಷಿಣದ ಪಾಂಡ್ಯರ ನಾಡಿನ ಬಗ್ಗೆ ಹೇಳುತ್ತಾ, ಅಲ್ಲಿ ಕುದುರೆಗೆ ಅನ್ನ, ಮಾಂಸ ಬೇಯಿಸಿ ಹಾಕುತ್ತಾರೆ, ಉತ್ತಮ ಗಂಡು ಹೆಣ್ಣು ಕೂಡಿಸಿದರೂ ಹುಟ್ಟುವ ಮರಿ ಕಾಲು ಸೊಟ್ಟ, ಸವಾರಿಗೆ ಬಾರದ್ದು ಎನ್ನುತ್ತಾನೆ. ಗಂಗಾವತಿಯವರ ಪಕ್ಕದೂರಿನ ಮರಿಯ ವರ್ಣನೆ ಓದಿದಾಗ ಥಟ್ಟನೆ ಅದೇ ನೆನಪಾಯಿತು.

ಸಿಂಧನೂರು_ಗಿರಣಿ:
ಅದು ತಮಿಳುನಾಡಿನ ಕತಿ ಆತಲ್ಲ. ನಮಗ್ಯಾಕ?

ಹೊಸಪೇಟೆ_ಹಳೇಕಲ್ಲು:
ನಾಡು ಬೇರೆ, ಭತ್ತ ಒಂದೇ ಅಲ್ಲವಾ ಗಿರಣಿಯವರೇ 🙂 ಹವಾ ಒಗ್ಗದ್ದು, ಆರೈಕೆ ತಿಳಿದ ಲಾಯದವರಿಲ್ಲದ್ದು, ಹೀಗೆ ಬೇರೆ ಕಾರಣಗಳೂ ಇದ್ದವು. ಮೇವೊಂದೇ ಅಂತ ನಾನು ಹೇಳುತ್ತಿಲ್ಲ.

ಲಾಯದ_ಹುಡುಗ_ಸಿರುಗುಪ್ಪ:
ನಾನು ಬೆಂಗಳೂರು ಕಡೆ ಒಂದು ಸ್ಟಡ್ ಫಾರಂನಲ್ಲಿ ಕೆಲವು ವರ್ಷ ಮರಿ ಹಾಕೋ ಕುದುರೆಗಳ ಲಾಯದಾಗೇ ಕೆಲಸ ಮಾಡೀನಿ. ಡಾಕ್ಟ್ರು ಹೇಳಿದ್ದರ ಜೊತಿಗೆ ಕೈಗೆ ಸಿಗೋ ನಾಲ್ಕು ಮಾತು ಹೇಳ್ತೀನಿ.

ಮೊದಲು ತೂಕ. ಅಂದಾಜಿನ ಮೇಲೆ ಮೇವು ಹಾಕಬ್ಯಾಡ್ರಿ. ದರ್ಜಿ ಟೇಪ್ ತಗೊಂಡು ಮುಂಗಾಲಿನ ಹಿಂದ ಎದಿ ಸುತ್ತಳತಿ ಅಳೀರಿ. ಆಮೇಲೆ ಭುಜದ ಮುಂದಿನ ಗೆಣ್ಣಿನಿಂದ ಹಿಂದಿನ ಪುಟ್ಟದ ಮೂಳೆ ತುದಿ ತನಕ ಉದ್ದ. ಎರಡೂ ಸೆಂಟಿಮೀಟರ್‌ನಾಗ. ಸುತ್ತಳತಿಯನ್ನ ಸುತ್ತಳತಿಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸ್ರಿ. ಸುತ್ತಳತಿ 160, ಉದ್ದ 155 ಬಂದ್ರ 334 ಕೇಜಿ. ತುಂಬು ಗಬ್ಬದಾಗ ಸ್ವಲ್ಪ ಆಚೆ ಈಚೆ ಆಗತೈತಿ, ಆದ್ರೂ ಕಣ್ಣಂದಾಜಿಗಿಂತ ವಾಸಿ.

ಎರಡನೇದು ಪಕ್ಕೆ. ಕಣ್ಣಿಗೆ ಎಲುಬು ಕಾಣಬಾರದು, ಕೈಯಾಡಿಸಿದ್ರ ಬೆರಳಿಗೆ ಸಿಗಬೇಕು. ಫಾರಂನ್ಯಾಗ ಇದಕ್ಕ 1ರಿಂದ (ತೀರಾ ಬಡಕಲು) 9ರ ತನಕ (ಭಾಳ ಕೊಬ್ಬು) ಅಂಕಿ ಕೊಡ್ತಾರ. ಈಯೋ ಹೊತ್ತಿಗೆ 6ರ ಸುತ್ತ ಇದ್ರ ಚೊಲೋ. ಬಡಕಲಿದ್ರ ಹಾಲು ಇಳಿಸಿ ತಾನೂ ಇಳೀತೈತಿ, ಮತ್ತ ಗಬ್ಬ ನಿಲ್ಲೂದು ತಡ. ನಿಮ್ಮದು “ಮೈ ತುಂಬಿಕೊಂಡೈತಿ” ಅಂದ್ರಲ್ಲ, ಹೊಟ್ಟಿ ನೋಡಿ ಹೇಳ್ತೀರೋ ಪಕ್ಕೆ ಮುಟ್ಟಿ ಹೇಳ್ತೀರೋ? ಒಣಹುಲ್ಲು ತಿಂದ ಹೊಟ್ಟಿ ದೊಡ್ಡದಾಗಿ, ಬೆನ್ನು ಒಣಗಿರೂದೂ ಉಂಟು.

ಕುಷ್ಟಗಿ_ಕುರಿಗಾರ:
ನಮ್ಮ ತಟ್ಟು ಕುದುರಿಗಳು ಕುರಿ ಹಿಂದ ವರ್ಷೆಲ್ಲ ನಡೀತಾವ. ಮರಿ ಹುಟ್ಟಿ ಎರಡನೇ ದಿನಕ್ಕ ತಾಯಿ ಹಿಂದ ಹೊಂಟಿರ್ತದ. ತೌಡಿಲ್ಲ, ಟೇಪಿಲ್ಲ. ಒಂದೂ ಸೊಟ್ಟಾಗಿಲ್ಲ. ಕಟ್ಟಿ ಹಾಕಿ ತಿನಸೂದೇ ರೋಗ.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಕುರಿಗಾರಣ್ಣ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಭಾರ ಬೀಳದೆ ಮೂಳೆ ಗಟ್ಟಿಯಾಗುವುದಿಲ್ಲ. ಲಾಯದಲ್ಲೇ ನಿಂತ ಮರಿಗೆ ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಓಡಾಡುವ ಮರಿಯ ಮೂಳೆ ಬರುವುದಿಲ್ಲ. ನಿಮ್ಮ ತಟ್ಟುಗಳು ಹತ್ತಾರು ಬಗೆಯ ಹುಲ್ಲು, ಸೊಪ್ಪು, ಶೇಂಗಾ ಕಿತ್ತ ಹೊಲದ ಬಳ್ಳಿ ಎಲ್ಲ ಮೇಯುತ್ತವೆ, ನಿಧಾನವಾಗಿ ಬೆಳೆಯುತ್ತವೆ. ಮಾರ್ವಾಡಿಯಂಥ ಎತ್ತರದ ತಳಿಯ ಮರಿ ಬೇಗ ಬೇಗ ಎತ್ತರಕ್ಕೆ ಹೋಗುತ್ತದೆ, ಆ ವೇಗಕ್ಕೆ ಬರೀ ಬಯಲು ಮೇವು ಸಾಲದು. ಗಂಗಾವತಿಯವರೇ, ದಿನಾ ಬೆಳಿಗ್ಗೆ ಸಂಜೆ ಕುದುರೆಯನ್ನು ಬಿಚ್ಚಿ ಅಡ್ಡಾಡಿಸಿ. ಈದ ಮೇಲೆ ಮರಿಯನ್ನೂ.

ಎಡದಂಡೆ_ಗಂಗಾವತಿ:
ಎಲ್ಲರಿಗೂ ಭಾಳ ಉಪಕಾರ ಆತ್ರಿ. ಪಕ್ಕೆ ಮುಟ್ಟಿ ನೋಡಿದೆ, ಎಲುಬು ಹತ್ತಾವ, ಕಾಣಂಗಿಲ್ಲ. ಟೇಪಿನ ಲೆಕ್ಕ 348 ಬಂತು. ಸರ್, ಈಗ ನಮ್ಮಲ್ಲಿ ಸಿಗೂದರಾಗೇ ಏನು ಎಷ್ಟು ಹಾಕಬೇಕು ಹೇಳಿಬಿಡ್ರಿ. ಡಬ್ಬಿ ಫೀಡು ತರೋ ತಾಕತ್ತಿಲ್ಲ. ಊರಾಗ ಶೇಂಗಾ ಹೊಟ್ಟು ಈಗ ಸಿಗತೈತಿ, ಮೆಕ್ಕೆಜೋಳ ಮನ್ಯಾಗ ಐತಿ, ಕಣಕಿ ಕೊಂಡು ತರಬೇಕು.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಶೇಂಗಾ ಹೊಟ್ಟು ಸಿಗುತ್ತದೆ ಅಂದರೆ ಅರ್ಧ ಕೆಲಸ ಆಯಿತು. ಅದು ದ್ವಿದಳ ಜಾತಿ, ಕ್ಯಾಲ್ಸಿಯಂ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚೇ ಇರುತ್ತದೆ. ಮಣ್ಣು ಚೆನ್ನಾಗಿ ಝಾಡಿಸಿ ಹಾಕಿ. ಮಣ್ಣು ಕರುಳಿನಲ್ಲಿ ಕೂತು ಹೊಟ್ಟೆಶೂಲೆ ತರುತ್ತದೆ. ಬೂಷ್ಟು ವಾಸನೆ ಬಂದ ಹೊಟ್ಟನ್ನು ಮೂಸಿ ನೋಡಿದ ಕ್ಷಣವೇ ಪಕ್ಕಕ್ಕಿಡಿ.

ದಿನಕ್ಕೆ ಒಣ ಕಣಕಿ ಮೂರು ಕೇಜಿ, ಶೇಂಗಾ ಹೊಟ್ಟು ಮೂರು ಕೇಜಿ, ಎರಡನ್ನೂ ಮೂರ್ನಾಲ್ಕು ಸಲ ಹಂಚಿ. ದಾಣಿಗೆ ನುಚ್ಚು ಮಾಡಿದ ಮೆಕ್ಕೆಜೋಳ ಒಂದು ಕೇಜಿ, ಒಣ ತೂಕದಲ್ಲಿ ಮುಕ್ಕಾಲು ಕೇಜಿ ಹುರುಳಿ ಬೇಯಿಸಿದ್ದು, ಬೂಸಾ ಅರ್ಧ ಕೇಜಿ. ಬೂಸಾವನ್ನು ಪೂರ್ತಿ ಬಿಡಬೇಕಿಲ್ಲ, ರಂಜಕಕ್ಕೆ ಅಷ್ಟು ಬೇಕು. ಉಪ್ಪು 30 ಗ್ರಾಂ, ಖನಿಜ ಮಿಶ್ರಣ 50 ಗ್ರಾಂ. ಖನಿಜ ಮಿಶ್ರಣದ ಚೀಟಿಯಲ್ಲಿ ತಾಮ್ರ, ಸತು ಇರುವುದನ್ನು ನೋಡಿ ಕೊಳ್ಳಿ. ಇಷ್ಟರಲ್ಲಿ ಕ್ಯಾಲ್ಸಿಯಂ 45 ಗ್ರಾಂ ಆಸುಪಾಸು, ರಂಜಕ 19 ಗ್ರಾಂ ಆಸುಪಾಸು ಬರುತ್ತದೆ, ಮಿಶ್ರಣದ್ದು ಬೇರೆ. ಪ್ರೋಟೀನ್ ಕೂಡ ಸಾಕಾಗುತ್ತದೆ.

ತಾಮ್ರದ ಮಾತು ಯಾಕೆ ಎತ್ತಿದೆ ಎಂದರೆ, ಕುದುರೆಯ ಹಾಲಿನಲ್ಲಿ ತಾಮ್ರ ತೀರಾ ಕಡಿಮೆ. ಮರಿ ಹುಟ್ಟುವಾಗಲೇ ತನ್ನ ಪಿತ್ತಜನಕಾಂಗದಲ್ಲಿ ಅದನ್ನು ಕೂಡಿಟ್ಟುಕೊಂಡು ಬರಬೇಕು, ಮೊದಲ ತಿಂಗಳುಗಳಲ್ಲಿ ಕೀಲಿನ ಮೆಲ್ಲೆಲುಬು ಗಟ್ಟಿಯಾಗಲು ಆ ದಾಸ್ತಾನೇ ಗತಿ. ಕುದುರೆ ಹೊರುವುದು ಸುಮಾರು 340 ದಿನ, ಮರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಳ್ಳುವುದು ಕೊನೆಯ ಮೂರು ತಿಂಗಳಲ್ಲಿ. ನೀವು ಈಗ ಅಲ್ಲೇ ಇದ್ದೀರಿ. ಮರಿ ಹುಟ್ಟಿದ ಮೇಲೆ ಅದರ ಬಾಯಿಗೆ ಔಷಧಿ ಹಾಕಿ ಇದನ್ನು ತುಂಬಿಸುವುದು ಕಷ್ಟ.

ಬದಲಾವಣೆ ಒಂದೇ ದಿನಕ್ಕೆ ಮಾಡಬೇಡಿ. ಹತ್ತು ದಿನದಲ್ಲಿ ಹಳೆಯದನ್ನು ಇಳಿಸುತ್ತಾ ಹೊಸದನ್ನು ಏರಿಸಿ. ಮೆಕ್ಕೆಜೋಳದಲ್ಲಿ ಒಂದು ಎಚ್ಚರಿಕೆ: ಮಳೆಗೆ ಸಿಕ್ಕಿ ಗುಲಾಬಿ ಬಣ್ಣದ ಬೂಷ್ಟು ಹಿಡಿದ ಕಾಳು, ಚೀಲದಲ್ಲಿ ತಾನಾಗೇ ಪುಡಿಯಾದ ಕಾಳು ಬೇಡ. ಅದರಲ್ಲಿರುವ ವಿಷ ಕುದುರೆಯ ಮಿದುಳನ್ನೇ ಕರಗಿಸುತ್ತದೆ. ಅದಕ್ಕೆ ಔಷಧಿ ಇಲ್ಲ. ದನ ತಿಂದು ಸುಮ್ಮನಿದ್ದರೂ ಕುದುರೆ ಉಳಿಯುವುದಿಲ್ಲ.

ಸಿಂಧನೂರು_ಗಿರಣಿ:
ಹಂಗಾರ ತೌಡು ಪೂರಾ ಬಂದ್ ಅಂತೀರಿ?

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಬೂಸಾದ ಜಾಗದಲ್ಲಿ ಅರ್ಧ ಕೇಜಿ ತೌಡು ಹಾಕಬಹುದು, ಹೊಸದಾಗಿದ್ದರೆ. ನಮ್ಮ ಬಿಸಿಲಿಗೆ ತೌಡಿನ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ನಿಮ್ಮ ಮಿಲ್ಲಿನಲ್ಲಿ ಅದೇ ವಾರದ ತೌಡು ಕೊಡುತ್ತೀರಾದರೆ ನನ್ನ ತಕರಾರಿಲ್ಲ.

ಕನಕಗಿರಿ_ಕೋಳಿಫಾರಂ:
ಅಣ್ಣಾರೇ, ನಮ್ಮಲ್ಲಿ ಕೋಳಿಮರಿ ಸ್ಟಾರ್ಟರ್ ಫೀಡ್ ಉಳಿದಿರ್ತೈತಿ. ಪ್ರೋಟೀನ್ 20ರ ಮ್ಯಾಲೆ, ಖನಿಜ ಎಲ್ಲ ಬೆರೆಸಿದ್ದೇ. ಕುದುರಿ ಮರಿಗೆ ಹಾಕಬಹುದಲ್ಲ? ಬೇಕಾದ್ರ ಪುಕ್ಕಟೆ ಕೊಡ್ತೀನಿ.

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಬೇಡ. ಒಂದು ಹಿಡಿಯೂ ಬೇಡ. ಗ್ವಾದಲಿಯ ಹತ್ತಿರವೂ ಆ ಚೀಲ ಇಡಬೇಡಿ.

ಕೋಳಿ ಆಹಾರದಲ್ಲಿ ರಕ್ತಭೇದಿ ತಡೆಯಲು ಮೊನೆನ್ಸಿನ್, ಸ್ಯಾಲಿನೋಮೈಸಿನ್ ಥರದ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಅದು ಕ್ಷೇಮ, ಕುದುರೆಯ ಹೃದಯದ ಸ್ನಾಯುವಿಗೆ ವಿಷ. ಮೊನೆನ್ಸಿನ್ ಆದರೆ ಮೈ ತೂಕದ ಒಂದು ಕೇಜಿಗೆ 2ರಿಂದ 3 ಮಿಲಿಗ್ರಾಂ ಹೊಟ್ಟೆಗೆ ಹೋದರೂ ಸಾಯಬಹುದು. ಬದುಕಿ ಉಳಿದರೂ ಹೃದಯ ಮೊದಲಿನಂತಾಗುವುದಿಲ್ಲ. ಪುಕ್ಕಟೆ ಕೊಡುವ ನಿಮ್ಮ ಮನಸ್ಸು ದೊಡ್ಡದು, ಅದನ್ನು ಕೋಳಿಗೇ ಇಟ್ಟುಕೊಳ್ಳಿ. ಹಾಗೆಯೇ ಯೂರಿಯಾ ಬೆರೆಸಿದ ದನದ ಹಿಂಡಿ, ಹತ್ತಿಕಾಳು ಹಿಂಡಿ ಇವೂ ಮರಿಗೆ ಬೇಡ.

ಕನಕಗಿರಿ_ಕೋಳಿಫಾರಂ:
ಅಬ್ಬಾ. ಗೊತ್ತೇ ಇರಲಿಲ್ಲ ಸರ್. ನಮ್ಮ ಊರಾಗ ಮದುವಿ ಕುದುರಿ ಇಟ್ಟವ್ರಿಗೂ ಹೇಳ್ತೀನಿ.

ಲಾಯದ_ಹುಡುಗ_ಸಿರುಗುಪ್ಪ:
ಈದ ದಿನದ ಬಗ್ಗೆ ಯಾರೂ ಹೇಳಲಿಲ್ಲ. ಫಾರಂನ್ಯಾಗ ನಮಗ ಕಲಿಸಿದ್ದು: ಒಂದು ತಾಸಿನೊಳಗ ಮರಿ ಎದ್ದು ನಿಲ್ಲಬೇಕು, ಎರಡು ತಾಸಿನೊಳಗ ಮೊಲಿ ಹಿಡೀಬೇಕು, ಮೂರು ತಾಸಿನೊಳಗ ತಾಯಿ ಮಾಸು ಬೀಳಬೇಕು. ಇದರಾಗ ಯಾವುದು ತಪ್ಪಿದ್ರೂ ನಡುರಾತ್ರಿ ಆದ್ರೂ ಡಾಕ್ಟ್ರಿಗೆ ಫೋನ್. ಗಿಣ್ಣದ ಹಾಲು ಹಿಂಡಿ ಚೆಲ್ಲೋ ರೂಢಿ ಕೆಲವು ಕಡೆ ಐತಿ, ಅದನ್ನ ಮಾತ್ರ ಮಾಡಬ್ಯಾಡ್ರಿ. ಮರಿ ರೋಗ ತಡಕೊಳ್ಳೋ ಶಕ್ತಿ ಹೊಟ್ಟ್ಯಾಗಿಂದ ತರಂಗಿಲ್ಲ, ಪೂರಾ ಆ ಹಾಲಿನಿಂದಲೇ. ಹನ್ನೆರಡು ತಾಸು ಕಳದ್ರ ಕರುಳು ಅದನ್ನ ಹೀರೂದು ಇಳೀತೈತಿ, ಒಂದು ದಿನಕ್ಕ ಬಾಗಿಲು ಮುಚ್ಚಿದಂಗ.

ಈಯೋಕೆ ಮುಂಚೆ ಗಿಣ್ಣದ ಹಾಲು ತಾನಾಗೇ ಧಾರೆ ಸುರದು ಹೋಗತಿದ್ರೂ ಡಾಕ್ಟ್ರಿಗೆ ತಿಳಸ್ರಿ. ಅದು ಹೋದ್ರ ಮರಿ ಪಾಲಿಗೆ ಬರೂದು ಬರೀ ಹಾಲು.

ಜಟಕಾ_ಮನೆತನ_ರಾಯಚೂರು:
ಬಾಣಂತಿ ಕುದುರಿಗೆ ನಮ್ಮ ಮನ್ಯಾಗ ಬೆಲ್ಲ, ತುಪ್ಪ, ಗೋಧಿ ನುಚ್ಚು ಕುದಿಸಿ ಬೋಗುಣಿ ತುಂಬ ಕೊಡ್ತಿದ್ರು. ಅದು ಸರಿಯೇನ್ರಿ ಡಾಕ್ಟ್ರೇ?

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಪ್ರೀತಿಗೆ ಒಂದು ಸಣ್ಣ ಬೋಗುಣಿ ಸಾಕು. ಈದ ದಿನವೇ ಕಾಳು ಸುರಿದರೆ ಹೊಟ್ಟೆಶೂಲೆ, ಗೊರಸಿನ ಉರಿ ಬರುವ ಸಂಭವ ಹೆಚ್ಚು. ದಾಣಿಯನ್ನು ಹತ್ತು ದಿನದಲ್ಲಿ ನಿಧಾನಕ್ಕೆ ಏರಿಸಿ, ಮೂರು ಹೊತ್ತಿಗೆ ಹಂಚಿ, ಮೂರರಿಂದ ಮೂರೂವರೆ ಕೇಜಿಗೆ ತನ್ನಿ. ಅದರಲ್ಲಿ 300–400 ಗ್ರಾಂ ಸೋಯಾ ಹಿಂಡಿ ಇರಲಿ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಇದ್ದರೂ ಬೆಳವಣಿಗೆಗೆ ಬೇಕಾದ ಲೈಸಿನ್ ಎಂಬ ಪ್ರೋಟೀನ್ ಅಂಶ ಕಡಿಮೆ, ಜೊತೆಗೆ ಬೂಷ್ಟಿನ ಭಯ.

ಮೊದಲ ಮೂರು ತಿಂಗಳು ಕುದುರೆ ತನ್ನ ತೂಕದ ನೂರಕ್ಕೆ ಮೂರು ಪಾಲು ಹಾಲು ಕೊಡುತ್ತದೆ. ನಿಮ್ಮದಕ್ಕೆ ದಿನಕ್ಕೆ ಹತ್ತು ಲೀಟರ್ ಅಂದುಕೊಳ್ಳಿ. ಕ್ಯಾಲ್ಸಿಯಂ ಅಗತ್ಯ 25ರಿಂದ 41 ಗ್ರಾಂಗೆ ಜಿಗಿಯುತ್ತದೆ, ಶಕ್ತಿಯ ಅಗತ್ಯ ಖಾಲಿ ಕುದುರೆಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಅದೂ ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ. ಐವತ್ತು ಲೀಟರಿಗಿಂತ ಹೆಚ್ಚು ನೀರು ಕುಡಿದರೆ ಗಾಬರಿಯಾಗಬೇಡಿ, ತೊಟ್ಟಿ ಖಾಲಿ ಬಿಟ್ಟರೆ ಗಾಬರಿಯಾಗಿ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವ ಊರಾದರೆ ಕಾಲುವೆ ನೀರನ್ನು ಸೋಸಿ ಕೊಡಿ. ಬೆಳೆಯುವ ಮರಿಯ ಹಲ್ಲಿಗೂ ಅದು ತಟ್ಟುತ್ತದೆ.

ಮರಿಗೆ ಎರಡನೇ ತಿಂಗಳಿಂದ ಸ್ವಂತ ದಾಣಿ. ತಾಯಿ ತಲೆ ಹಾಕಲಾಗದಂತೆ ಗಳ ಅಡ್ಡ ಕಟ್ಟಿ, ಒಳಗೆ ಸಣ್ಣ ಬೋಗುಣಿ ಇಡಿ. ಮರಿಯ ತೂಕದ ನೂರಕ್ಕೆ ಒಂದು ಪಾಲು ದಾಟಬಾರದು. ನೂರು ಕೇಜಿ ಮರಿಗೆ ಒಂದು ಕೇಜಿ, ಅದೇ ಗರಿಷ್ಠ. ಪ್ರೋಟೀನ್ ನೂರಕ್ಕೆ 16ರ ಹತ್ತಿರ ಇರಲಿ, ಅದರಲ್ಲಿ ಸೋಯಾ ಹಿಂಡಿ ಕಡ್ಡಾಯ. ಹುಟ್ಟಿದಾಗ ಮರಿ ತಾಯಿಯ ತೂಕದ ಹತ್ತನೇ ಒಂದು ಪಾಲು, ನಿಮ್ಮಲ್ಲಿ 35 ಕೇಜಿ. ಆರು ತಿಂಗಳಿಗೆ 155 ಕೇಜಿ ಸುತ್ತ ಬರಬೇಕು. ಆಗ ಎತ್ತರದಲ್ಲಿ ಐದರಲ್ಲಿ ನಾಲ್ಕು ಪಾಲು ಬೆಳೆದೇ ಬಿಟ್ಟಿರುತ್ತದೆ. ತಿಂಗಳಿಗೊಮ್ಮೆ ಟೇಪ್ ಹಾಕಿ ಬರೆದಿಡಿ. ಒಂದು ತಿಂಗಳು ಸೊರಗಿ ಮುಂದಿನ ತಿಂಗಳು ಧಿಡೀರನೆ ಉಬ್ಬುವ ಮರಿಯೇ ಕೀಲಿನ ತೊಂದರೆಗೆ ಬೀಳುವುದು. ಕೀಲಿನ ಮೇಲೆ ಊತ ಕಂಡರೆ ಮೊದಲು ಕಾಳು ಇಳಿಸಿ, ಒಣಮೇವು ಮತ್ತು ಖನಿಜ ಹಾಗೇ ಇರಲಿ, ಡಾಕ್ಟರಿಗೆ ತೋರಿಸಿ. ಸೊರಗಿದೆ ಎಂದು ಕಾಳು ಏರಿಸುವವರೇ ಹೆಚ್ಚು. ಜಂತುಹುಳುವಿನ ಔಷಧಿಯನ್ನೂ ಎರಡು ತಿಂಗಳ ಹೊತ್ತಿಗೆ ಕೇಳಿ ಶುರು ಮಾಡಿ. ಮರಿಯ ಹೊಟ್ಟೆ ಡೊಳ್ಳಾಗಿ ಕೂದಲು ಒರಟಾಗಿದ್ದರೆ ದುಂಡುಹುಳು ಎಂದೇ ಮೊದಲ ಅನುಮಾನ.

ಮಸ್ಕಿ_ಮಾವಿನತೋಪು:
ನಡುವೆ ಬರ್ತೀನಿ, ಕ್ಷಮಿಸ್ರಿ. ತಾಯಿ ಸತ್ತ ಮರಿಗೆ ಎಮ್ಮಿ ಹಾಲು ಹಾಕಬಹುದೇನು? ನಮ್ಮ ಸಂಬಂಧಿಕರ ಕಡೆ ಈ ಪರಿಸ್ಥಿತಿ ಐತಿ.

ಲಾಯದ_ಹುಡುಗ_ಸಿರುಗುಪ್ಪ:
ಎಮ್ಮಿ ಹಾಲು ಭಾಳ ಜಿಡ್ಡು. ಕುದುರಿ ಹಾಲಿನ್ಯಾಗ ಕೊಬ್ಬು ನೂರಕ್ಕ ಎರಡೂ ಇರಂಗಿಲ್ಲ, ಸಿಹಿ ಜಾಸ್ತಿ. ಎಮ್ಮಿದು ಏಳರ ಹತ್ತಿರ. ಆಡಿನ ಹಾಲು ಸಿಕ್ರ ಒಳ್ಳೇದು, ಮರಿ ಇಷ್ಟಪಟ್ಟು ಕುಡೀತೈತಿ. ಇಲ್ಲಾಂದ್ರ ಕೆನಿ ತಗದ ಆಕಳ ಹಾಲು, ಲೀಟರಿಗೆ 20 ಗ್ರಾಂ ಗ್ಲೂಕೋಸ್ ಪುಡಿ. ಅಡಿಗಿ ಸಕ್ಕರಿ ಹಾಕಬ್ಯಾಡ್ರಿ, ಎಳೇ ಮರಿಗೆ ಅರಗಂಗಿಲ್ಲ, ಭೇದಿ ಹತ್ತತೈತಿ. ಮೊದಲ ವಾರ ಹಗಲು ರಾತ್ರಿ ಎರಡು ತಾಸಿಗೊಮ್ಮೆ. ತಾಯಿ ಹತ್ರ ಇದ್ರ ಮರಿ ಒಂದೇ ತಾಸಿನ್ಯಾಗ ಐದಾರು ಸಲ ಕುಡೀತೈತಿ, ಒಮ್ಮೆಗೇ ಹೊಟ್ಟಿ ತುಂಬ ಅಲ್ಲ. ಗಿಣ್ಣದ ಹಾಲು ಸಿಕ್ಕಿಲ್ಲ ಅಂದ್ರ ಇವತ್ತೇ ಡಾಕ್ಟ್ರಿಗೆ ಹೇಳ್ರಿ, ಪ್ಲಾಸ್ಮಾ (ರಕ್ತದ ತಿಳಿ ಭಾಗ) ಹಾಕೋದು ಅವರ ಕೆಲಸ.

ಹಗರಿ_ದಂಡೆ:
ಇಷ್ಟೆಲ್ಲ ಚರ್ಚೆ ಆದರೂ ಕುದುರೆ ಮಸಾಲೆ ಸೊಪ್ಪಿನ ಹೆಸರು ಯಾರೂ ಎತ್ತಲಿಲ್ಲ! ನಾವು ಹಗರಿ ದಂಡೆಯಲ್ಲಿ ಹಸುಗಳಿಗಂತ ಬೆಳೀತೀವಿ. ಲ್ಯೂಸರ್ನ್ ಅಂತಾರಲ್ಲ, ಅದೇ. ಒಣ ಲೆಕ್ಕದಲ್ಲಿ ಪ್ರೋಟೀನ್ 18–20, ಕ್ಯಾಲ್ಸಿಯಂ ಒಂದಕ್ಕಿಂತ ಜಾಸ್ತಿ. ಎಕರೆಗೆ ಎಂಟು ಕೇಜಿ ಬೀಜ. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ 25–30 ದಿನಕ್ಕೊಮ್ಮೆ. ಒಂದು ಕುದುರೆಗೆ ದಿನಕ್ಕೆ ಹತ್ತು ಕೇಜಿ ಹಸಿಸೊಪ್ಪಿಗೆ ಐದಾರು ಗುಂಟೆ ಸಾಕು. ಆದರೆ ಗಂಗಾವತಿ ಕಡೆ ಭತ್ತದ ಗದ್ದೆ ಪಕ್ಕ ನೀರು ನಿಲ್ಲೋ ಜಾಗದಲ್ಲಿ ಹಾಕಬೇಡಿ, ಬೇರು ಕೊಳೆತು ಹೋಗುತ್ತೆ. ಎತ್ತರದ ಮಡಿ ಬೇಕು.

ಎಡದಂಡೆ_ಗಂಗಾವತಿ:
ಅಕ್ಕಾರೇ, ಮನಿ ಹಿತ್ತಲಾಗ ದಿಬ್ಬದ ಜಾಗ ಐತಿ, ಆರು ಗುಂಟೆ ಬರತೈತಿ. ಈಗೇ ಹಾಕಬಹುದಾ?

ಡಾಕ್ಟ್ರೇ, ನಿನ್ನಿಯಿಂದ ಬೂಸಾ ಇಳಿಸಾಕ ಶುರು ಮಾಡೀನಿ. ಶೇಂಗಾ ಹೊಟ್ಟು ಒಂದು ಟ್ರ್ಯಾಕ್ಟರ್ ಹೇಳೀನಿ. ಅಂಗಡ್ಯಾಗ ಖನಿಜ ಮಿಶ್ರಣ ಕೇಳಿದ್ರ ಅದರ ಜೊತಿ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿನೂ ಹಾಕ್ರಿ, ಎಲುಬಿಗೆ ಚೊಲೋ ಅಂತ ಕೊಟ್ಟಾನ. ಎರಡೂ ಹಾಕಲೇನ್ರಿ?

ನಿವೃತ್ತ_ಪಶುವೈದ್ಯ_ಬಳ್ಳಾರಿ:
ಡಿಸಿಪಿ ಬೇಡ, ಅದರಲ್ಲಿ ರಂಜಕವೂ ನೂರಕ್ಕೆ 18 ಪಾಲಿದೆ, ನಿಮಗೆ ಬೇಕಿರುವುದು ಅದಲ್ಲ. ಶೇಂಗಾ ಹೊಟ್ಟು ಬರುವುದು ತಡವಾದರೆ ಅಲ್ಲಿಯವರೆಗೆ ಮೇವಿಗೆ ಬಳಸುವ ಸುಣ್ಣದಕಲ್ಲಿನ ಪುಡಿ ದಿನಕ್ಕೆ 30 ಗ್ರಾಂ ದಾಣಿಯಲ್ಲಿ ಕಲಸಿ. ಅದರಿಂದ 11 ಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ. ಅಂಗಡಿಯವನಿಗೆ ಡಿಸಿಪಿ ವಾಪಸ್ ಕೊಡಿ.

ಹಗರಿ_ದಂಡೆ:
ಈಗ ಬಿತ್ತಿದರೆ ಮೊಳಕೆ ಬಿಸಿಲಿಗೆ ಸುಟ್ಟು ಹೋಗುತ್ತೆ. ದಸರಾ ಕಳೆದ ಮೇಲೆ ಬಿತ್ತಿ, ಆ ಹೊತ್ತಿಗೆ ನಿಮ್ಮ ಮರಿ ಹಾಲು ಬಿಡಿಸೋ ವಯಸ್ಸಿಗೆ ಬಂದಿರುತ್ತೆ. ಹೋದ ವರ್ಷ ಒಂದು ಮಡಿ ಬೀಜಕ್ಕೆ ಬಿಟ್ಟಿದ್ದೀವಿ. ಆರು ಗುಂಟೆಗೆ ಒಂದೂಕಾಲು ಕೇಜಿ ಸಾಕು, ಸಿರುಗುಪ್ಪ ಬಸ್ಸಿಗೆ ಹಾಕಿ ಕಳಿಸ್ತೀನಿ. ದುಡ್ಡು ಬೇಡ, ಮರಿ ಫೋಟೋ ಹಾಕಿ ಸಾಕು.

ಸಿಂಧನೂರು_ಗಿರಣಿ:
ನನಗೂ ಅರ್ಧ ಕೇಜಿ ಇರ್ಲಿ ಅಕ್ಕಾ. ನಾನು ದುಡ್ಡು ಕೊಡ್ತೀನಿ.